ಮೀನಿನ ಉಪವಾಸವೆಂದು ನಕ್ಕವರಿಗೆ

ಕಳೆದ ದಶಲಕ್ಷಣ ಪರ್ವದಲ್ಲಿ ಉತ್ತಮ ತಪದ ದಿನ ನಮ್ಮೂರ ಬಸದಿಯಲ್ಲಿ ಪ್ರವಚನವಿತ್ತು. ಹೊರಗಿನಿಂದ ಬಂದಿದ್ದ ವಿದ್ವಾಂಸರೊಬ್ಬರು ಅನ್ಯಮತಗಳ ಉಪವಾಸವಿಧಿಗಳನ್ನು ನಮ್ಮ ಅನಶನ ತಪದೊಡನೆ ಹೋಲಿಸುತ್ತ ಬಂದು, ಕ್ರೈಸ್ತರ ವಿಷಯಕ್ಕೆ ತಲುಪಿದಾಗ ಒಂದು ಚಟಾಕಿ ಹಾರಿಸಿದರು. ಕುರಿಯನ್ನು ಬಿಟ್ಟು ಮೀನನ್ನು ತಿನ್ನುವುದಕ್ಕೆ ಅವರಲ್ಲಿ ಉಪವಾಸವೆಂದು ಹೆಸರಂತೆ ಎಂದರು. ಸಭೆ ಗೊಳ್ಳೆಂದು ನಕ್ಕಿತು. ಮುಂದಿನ ಸಾಲಿನಲ್ಲಿ ಕುಳಿತಿದ್ದ ನಾನೂ ನಕ್ಕೆ. ವಿದ್ವಾಂಸರು ಮುಂದಿನ ಮತಕ್ಕೆ ಹೋದರು.

ಆ ನಗು ನ್ಯಾಯವಾದುದಲ್ಲವೆಂದು ಹೇಳುವುದಕ್ಕಾಗಿ ಈ ಲೇಖನವನ್ನು ಬರೆಯುತ್ತಿದ್ದೇನೆ. ಕ್ರೈಸ್ತ ಮತವನ್ನು ಸಮರ್ಥಿಸುವ ಹೊಣೆ ನನ್ನದಲ್ಲ. ಆ ಕಾರ್ಯಕ್ಕೆ ಅವರಲ್ಲಿಯೇ ಸಮರ್ಥರಿದ್ದಾರೆ. ನಾನು ಬಿ.ಕಾಂ. ಓದಿ ಸುಮಾರು ನಲವತ್ತು ವರ್ಷ ಅಡಕೆ, ಕಾಳುಮೆಣಸಿನ ವ್ಯಾಪಾರ ಮಾಡಿಕೊಂಡು ಬಂದವನು. ಶಾಸ್ತ್ರವನ್ನು ಓದಿದ್ದು ಅಂಗಡಿಯ ಬಾಗಿಲು ಮುಚ್ಚಿದ ಮೇಲೆ. ಆದರೂ ಮಾಲನ್ನು ಕಣ್ಣಿನಿಂದ ನೋಡದೆ, ಕೈಯಿಂದ ಮುಟ್ಟದೆ, ತಕ್ಕಡಿಗೆ ಹಾಕದೆ ಬೆಲೆ ಕಟ್ಟುವುದು ವ್ಯಾಪಾರಧರ್ಮಕ್ಕೆ ಸಲ್ಲದು ಎಂಬಷ್ಟನ್ನು ಬಲ್ಲೆ. ಅನೇಕಾಂತವನ್ನು ಸಿದ್ಧಾಂತವಾಗಿ ಉಳ್ಳ ನಾವು ಪರರ ವ್ರತವೊಂದನ್ನು ಒಂದೇ ವಾಕ್ಯದಲ್ಲಿ ತೂಗಿ ಆಚೆಗೆ ಎಸೆದೆವಲ್ಲ, ಅದು ನನ್ನನ್ನು ಬಾಧಿಸಿದೆ.

ಮೊದಲು ಮೀನಿನ ವಿಷಯವನ್ನೇ ಮುಗಿಸಿಬಿಡೋಣ. ಮೀನು ಪಂಚೇಂದ್ರಿಯ ಜೀವ. ಅದನ್ನು ಕೊಂದು ತಿನ್ನುವುದು ಹಿಂಸೆ. ಅದನ್ನು ವ್ರತದ ದಿನ ತಿಂದರೂ ಹಿಂಸೆಯೇ, ಪಾರಣೆಯ ದಿನ ತಿಂದರೂ ಹಿಂಸೆಯೇ. ಇದರಲ್ಲಿ ನನಗೆ ಯಾವ ರಾಜಿಯೂ ಇಲ್ಲ. ಆದರೆ ವಿದ್ವಾಂಸರು ಹೇಳಿದ್ದು ಪಶ್ಚಿಮದ ರೋಮನ್ ಸಂಪ್ರದಾಯದ ಒಂದು ಅಂಶ ಮಾತ್ರ. ಅಲ್ಲಿ ಮಾಂಸವೆಂದರೆ ನೆಲದ ಪ್ರಾಣಿಪಕ್ಷಿಗಳ ಮಾಂಸ, ಹಬ್ಬದ ಊಟದ ಗುರುತು. ಅದನ್ನು ಬಿಟ್ಟವನಿಗೆ ಮೀನು ನಿಷಿದ್ಧವಾಗಿರಲಿಲ್ಲ. ಇಂಗ್ಲೆಂಡಿನಲ್ಲಂತೂ 1563ರಲ್ಲಿ ಒಂದನೆಯ ಎಲಿಜಬೆತ್ ರಾಣಿಯ ಸರ್ಕಾರ ಬುಧವಾರವನ್ನೂ ಮೀನಿನ ದಿನವೆಂದು ಕಾನೂನು ಮಾಡಿತು. ಅದು ಮೀನುಗಾರರಿಗೆ ಕಸುಬು ದೊರೆತು, ನೌಕಾದಳಕ್ಕೆ ಜನ ದೊರೆಯಲೆಂದು ಮಾಡಿದ ಕಾನೂನು. ಮೀನು ತಿನ್ನುವುದು ಆತ್ಮದ ಉದ್ಧಾರಕ್ಕೆ ಅವಶ್ಯವೆಂದು ಯಾರಾದರೂ ಬೋಧಿಸಿದರೆ ಶಿಕ್ಷೆಯೆಂದು ಆ ಕಾನೂನಿನಲ್ಲಿಯೇ ಬರೆದಿತ್ತು! ವ್ರತದ ಹೆಸರಿನಲ್ಲಿ ಸರ್ಕಾರ ನಡೆಸಿದ ಮಾರುಕಟ್ಟೆ ವ್ಯವಸ್ಥೆಯದು. ಅದನ್ನು ಕಂಡು ನಗುವವರು ನಗಲಿ.

ಪೂರ್ವದ ಪರಂಪರೆ ಬೇರೆ. ಗ್ರೀಕ್, ರಷ್ಯನ್, ಸಿರಿಯನ್, ಕಾಪ್ಟಿಕ್, ಇಥಿಯೋಪಿಯದ ಪ್ರಾಚೀನ ಸಭೆಗಳಲ್ಲಿ ಮಹಾ ಉಪವಾಸಕಾಲದ ಕಟ್ಟುನಿಟ್ಟಾದ ವಿಧಿಯ ಪ್ರಕಾರ ಮಾಂಸವಿಲ್ಲ, ಮೊಟ್ಟೆಯಿಲ್ಲ, ಹಾಲು, ಮೊಸರು, ಬೆಣ್ಣೆ, ತುಪ್ಪವೂ ಇಲ್ಲ. ಗ್ರೀಕರಲ್ಲಿ ಆ ಅವಧಿಯಲ್ಲಿ ಮೀನಿಗೆ ಅನುಮತಿಯಿರುವುದು ಒಂದೆರಡು ಹಬ್ಬದ ದಿನಗಳಲ್ಲಿ ಮಾತ್ರ. ಇಥಿಯೋಪಿಯದ ಸಾಮಾನ್ಯ ಗೃಹಸ್ಥನಿಗೆ ವರ್ಷದಲ್ಲಿ ಸುಮಾರು 180 ದಿನ ಉಪವಾಸನಿಯಮವುಂಟು. ಆ ದಿನಗಳಲ್ಲಿ ಮಧ್ಯಾಹ್ನ ಕಳೆಯುವವರೆಗೆ ಏನನ್ನೂ ಸೇವಿಸದೆ, ಅನಂತರ ಪ್ರಾಣಿಜನ್ಯವಲ್ಲದ ಆಹಾರವನ್ನಷ್ಟೇ ತೆಗೆದುಕೊಳ್ಳುತ್ತಾರೆ. ಹಾಲು, ಮೊಸರು, ತುಪ್ಪ, ಎಣ್ಣೆ, ಬೆಲ್ಲ, ಉಪ್ಪುಗಳಲ್ಲಿ ಒಂದನ್ನೋ ಹಲವನ್ನೋ ಬಿಡುವುದನ್ನು ನಾವು ರಸಪರಿತ್ಯಾಗವೆಂದು ಬಾಹ್ಯತಪಗಳಲ್ಲಿ ಎಣಿಸುತ್ತೇವೆ. ವರ್ಷದ ಅರ್ಧದಷ್ಟು ದಿನ ಹಾಲು ತುಪ್ಪಗಳನ್ನು ಬಿಡುವ ಗೃಹಸ್ಥರು ನಮ್ಮಲ್ಲಿ ಎಷ್ಟು ಮಂದಿ ಇದ್ದಾರೆಂದು ಸಭೆಯಲ್ಲಿ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ನಾನು ಕೇಳಬೇಕಾಗಿತ್ತು. ಏಕೆಂದರೆ ನನಗೆ ತಿಳಿದಿತ್ತು.

ಕೋಟ್ಟಯಂ ಕಡೆಯ ಮೆಣಸಿನ ವ್ಯಾಪಾರಿಯೊಬ್ಬರೊಡನೆ ನಮ್ಮ ತಂದೆಯವರ ಕಾಲದಿಂದಲೂ ವ್ಯವಹಾರವಿತ್ತು. ಸಿರಿಯನ್ ಆರ್ಥೊಡಾಕ್ಸ್ ಸಭೆಗೆ ಸೇರಿದವರು. 1987ರ ಮಾರ್ಚ್ ತಿಂಗಳಲ್ಲಿ ಲೆಕ್ಕ ಚುಕ್ತಾ ಮಾಡಲು ನಮ್ಮಲ್ಲಿಗೆ ಬಂದವರನ್ನು ತಂದೆಯವರು ಊಟಕ್ಕೆ ಕರೆತಂದರು. ಸೂರ್ಯಾಸ್ತಕ್ಕೆ ಮುಂಚೆ ನಮ್ಮೊಡನೆ ಪಂಕ್ತಿಯಲ್ಲಿ ಕುಳಿತರು. ತಾಯಿಯವರು ಅತಿಥಿಗೆಂದು ಹಾಲುಪಾಯಸ ಮಾಡಿ, ಹೊಸದಾಗಿ ತುಪ್ಪ ಕಾಸಿದ್ದರು. ಆ ಪುಣ್ಯಾತ್ಮರು ಅನ್ನ, ಸಾರು, ಪಲ್ಯಗಳನ್ನು ತೃಪ್ತಿಯಿಂದ ಉಂಡರು. ತುಪ್ಪ ಬಂದಾಗ ಎಲೆಗೆ ಕೈ ಅಡ್ಡ ಹಿಡಿದರು. ಪಾಯಸಕ್ಕೂ ಕೈ ಅಡ್ಡ, ಮಜ್ಜಿಗೆಗೂ ಕೈ ಅಡ್ಡ. ‘ಅಮ್ಮಾ, ಊಟ ಬಹಳ ಚೆನ್ನಾಗಿದೆ, ಇಷ್ಟೇ ಸಾಕು’ ಎಂದರು. ತಾಯಿಯವರಿಗೆ ಅಸಮಾಧಾನವಾಯಿತು. ತುಪ್ಪ ಬೇಡವೆಂದವರು ಮನೆಯ ಸ್ನೇಹವನ್ನೇ ಬೇಡವೆಂದಂತೆ ಎಂದು ಅವರು ಹೋದ ಮೇಲೆ ಹೇಳಿದ್ದು ಇಂದಿಗೂ ನನ್ನ ಕಿವಿಯಲ್ಲಿದೆ.

ಹನ್ನೆರಡು ವರ್ಷಗಳ ನಂತರ ಅವರ ಹೊಸ ಮನೆಯ ಪ್ರವೇಶಕ್ಕೆ ಹೋಗಿದ್ದಾಗ ಅದೇ ವ್ಯಕ್ತಿ ಎರಡು ಸಲ ಪಾಯಸ ಹಾಕಿಸಿಕೊಂಡರು. ನಾನು ಹಳೆಯದನ್ನು ನೆನಪಿಸಿ ಹಾಸ್ಯ ಮಾಡಿದೆ. ಅವರು ಸುಮ್ಮನೆ ನಕ್ಕರು. ಉತ್ತರ ಕೊಟ್ಟವರು ಅವರ ಪತ್ನಿ. ಈಸ್ಟರಿಗೆ ಮುಂಚಿನ 50 ದಿನಗಳ ನೋಂಬು ಅದು. ಅದರಲ್ಲಿ ಇವರು ಹಾಲು ತುಪ್ಪ ಸಹ ಮುಟ್ಟುವುದಿಲ್ಲ, ಮದುವೆಯಾದಂದಿನಿಂದ ನೋಡುತ್ತಿದ್ದೇನೆ ಎಂದರು. ಹಾಗಾದರೆ ನಮ್ಮ ತಾಯಿಗೆ ಒಂದು ಮಾತು ಹೇಳಬಾರದಾಗಿತ್ತೆ ಎಂದು ನಾನು ಕೇಳಿದೆ. ‘ಹೇಳಿದ್ದರೆ ನೋಂಬು ಅಲ್ಲಿಗೇ ಮುಗಿಯುತ್ತಿತ್ತು’ ಎಂದರು. ಅಹಿಂಸಾವ್ರತಿಗಳ ಮನೆಯಲ್ಲಿ ಕುಳಿತು, ತನ್ನ ವ್ರತವನ್ನು ಹೇಳಿಕೊಂಡು ಮೆಚ್ಚುಗೆ ಪಡೆಯಲು ಅದಕ್ಕಿಂತ ಪ್ರಶಸ್ತವಾದ ಸ್ಥಳ ಮತ್ತೊಂದಿರಲಿಲ್ಲ. ಒಂದು ಮಾತಿನಿಂದ ದೊರೆಯಬಹುದಾಗಿದ್ದ ಗೌರವವನ್ನು ಬಿಟ್ಟು, ಒಬ್ಬ ಗೃಹಿಣಿಯ ಅಸಮಾಧಾನವನ್ನು ಅವರು ತಮ್ಮ ಲೆಕ್ಕಕ್ಕೆ ಬರೆದುಕೊಂಡರು.

ಊರಿಗೆ ಮರಳಿದ ಮೇಲೆ ಕನ್ನಡ ಸತ್ಯವೇದವನ್ನು ತರಿಸಿ ಓದಿದೆ. ಮತ್ತಾಯನ ಸುವಾರ್ತೆಯ ಆರನೆಯ ಅಧ್ಯಾಯದಲ್ಲಿ, ಪರ್ವತ ಪ್ರಸಂಗದ ನಡುವೆ, ಕ್ರಿಸ್ತನು ದಾನ, ಪ್ರಾರ್ಥನೆ, ಉಪವಾಸ ಈ ಮೂರನ್ನೂ ಒಂದರ ಹಿಂದೊಂದರಂತೆ ಎತ್ತಿಕೊಂಡು ಮೂರಕ್ಕೂ ಒಂದೇ ನಿಯಮವನ್ನು ಹೇಳುತ್ತಾನೆ: ಜನರಿಗೆ ಕಾಣಲೆಂದು ಮಾಡಬೇಡಿ. ಉಪವಾಸದಂದು ಮುಖ ಬಾಡಿಸಿಕೊಂಡು ತಿರುಗುವವರಿಗೆ ಬರತಕ್ಕ ಫಲವೆಲ್ಲ ಆಗಲೇ ಬಂದು ಮುಗಿಯಿತು. ನೀನಾದರೋ ತಲೆಗೆ ಎಣ್ಣೆ ಹಚ್ಚಿ, ಮುಖ ತೊಳೆದುಕೊಂಡು, ಉಪವಾಸವಿಲ್ಲದವನಂತೆ ಇರು ಎಂಬುದು ಅದರ ಭಾವ. ಲೂಕನಲ್ಲಿ ಇನ್ನೊಂದು ಕಥೆಯಿದೆ. ವಾರಕ್ಕೆ ಎರಡು ಉಪವಾಸ ಮಾಡುವ ಫರಿಸಾಯನು ದೇವಾಲಯದಲ್ಲಿ ನಿಂತು ಅದನ್ನು ದೇವರಿಗೇ ಲೆಕ್ಕ ಒಪ್ಪಿಸುತ್ತಾನೆ. ದೂರದಲ್ಲಿ ನಿಂತ ಸುಂಕದವನೊಬ್ಬನು ತಲೆಯೆತ್ತದೆ ತಾನು ಪಾಪಿಯೆಂದಷ್ಟೇ ಹೇಳಿಕೊಳ್ಳುತ್ತಾನೆ. ಕ್ರಿಸ್ತನ ತೀರ್ಪು ಸುಂಕದವನ ಪಕ್ಷಕ್ಕೆ. (ಸುಂಕದವರ ವಿಷಯದಲ್ಲಿ ವ್ಯಾಪಾರಿಯಾದ ನನಗೆ ಆ ತೀರ್ಪನ್ನು ಒಪ್ಪಲು ಸ್ವಲ್ಪ ಕಾಲ ಹಿಡಿಯಿತು.)

ಉಪವಾಸದ ಉದ್ದೇಶದಲ್ಲಿ ಅವರಿಗೂ ನಮಗೂ ಇರುವ ಅಂತರವನ್ನು ಮರೆಮಾಚಬೇಕಾದುದಿಲ್ಲ. ನಮಗೆ ತಪಸ್ಸು ಸಂವರ ನಿರ್ಜರೆಗಳ ಸಾಧನ. ಕಟ್ಟಿದ ಕರ್ಮವನ್ನು ಜೀವನು ತನ್ನ ಪುರುಷಾರ್ಥದಿಂದಲೇ ಕಳಚಿಕೊಳ್ಳಬೇಕು. ಅವರಿಗೆ ಪಾಪಕ್ಷಯವಾಗುವುದು ದೇವರ ಕೃಪೆಯಿಂದ. ಉಪವಾಸ ಪಶ್ಚಾತ್ತಾಪದ ರೂಪ, ಪ್ರಾರ್ಥನೆಯ ಸಂಗಾತಿ, ಆಸೆಗಳಿಗೆ ಹಾಕಿದ ಕಡಿವಾಣ. ಕ್ರಿಸ್ತನು ಅರಣ್ಯದಲ್ಲಿ ಮಾಡಿದ 40 ದಿನಗಳ ಉಪವಾಸದ ಸ್ಮರಣೆ ಅದರಲ್ಲಿದೆ; ದೀಕ್ಷಾಸ್ನಾನಕ್ಕೆ ಮುಂಚೆ ಉಪವಾಸವಿರಬೇಕೆಂಬ ಅತಿ ಪ್ರಾಚೀನ ಕ್ರಮವೂ ಅದಕ್ಕೆ ಸೇರಿದೆ. ಮೊದಲನೆಯ ಶತಮಾನದ ಕೊನೆಗೋ ಎರಡನೆಯದರ ಆರಂಭಕ್ಕೋ ಸೇರಿದ ‘ದಿದಾಖೆ’ ಎಂಬ ಚಿಕ್ಕ ಗ್ರಂಥ ಬುಧವಾರ, ಶುಕ್ರವಾರಗಳನ್ನು ಉಪವಾಸದ ದಿನಗಳೆಂದು ವಿಧಿಸುತ್ತದೆ. 325ರ ನೈಸೀಯ ಸಭೆಯ ನಿಯಮವೊಂದರಲ್ಲಿ 40 ದಿನಗಳ ಕಾಲದ ಉಲ್ಲೇಖ ಬರುತ್ತದೆ. ನಮ್ಮ ಕನ್ನಡ ಕಥೋಲಿಕರು ತಪಸ್ಸುಕಾಲವೆಂದು ಕರೆಯುವುದು ಇದನ್ನೇ. ವಿಭೂತಿ ಬುಧವಾರದಿಂದ ಈಸ್ಟರಿಗೆ ಎಣಿಸಿದರೆ 46 ದಿನವಾಗುತ್ತದಲ್ಲ ಎಂದು ಲೆಕ್ಕದವರು ಕೇಳಬಹುದು; ಆರು ಭಾನುವಾರಗಳು ಕ್ರಿಸ್ತನ ಪುನರುತ್ಥಾನದ ದಿನಗಳಾದುದರಿಂದ ಅವುಗಳಲ್ಲಿ ಉಪವಾಸವಿಲ್ಲ. ಸೃಷ್ಟಿಯೆಲ್ಲ ಒಳ್ಳೆಯದು, ಅನ್ನವೂ ಒಳ್ಳೆಯದು, ಒಳ್ಳೆಯದನ್ನೇ ಕೆಲಕಾಲ ಬಿಟ್ಟಿರುವುದು ಉಪವಾಸ ಎಂಬುದು ಅವರ ದೃಷ್ಟಿ. ಮಾಂಸ ತಿನ್ನುವವನನ್ನು ಹೀನನೆಂದು ಕಾಣುವವನಿಗೇ ನಾಲ್ಕನೆಯ ಶತಮಾನದ ಗಂಗ್ರಾ ಸಭೆ ಬಹಿಷ್ಕಾರ ವಿಧಿಸಿತು. ಇದು ನಮಗೆ ಒಪ್ಪಿಗೆಯಾಗತಕ್ಕ ಮಾತಲ್ಲ. ಒಪ್ಪಬೇಕೆಂದು ನಾನು ಹೇಳುತ್ತಿಲ್ಲ.

ಆದರೆ ಅವರ ಪ್ರಾಚೀನ ಗ್ರಂಥಗಳಲ್ಲಿ ನನ್ನ ವ್ಯಾಪಾರಿಬುದ್ಧಿಯನ್ನು ಹಿಡಿದು ನಿಲ್ಲಿಸಿದ ಒಂದು ಪ್ರಕರಣವಿದೆ. ಎರಡನೆಯ ಶತಮಾನದಲ್ಲಿ ರೋಮ್ ನಗರದಲ್ಲಿ ಹೆರ್ಮಸ್ ಎಂಬ ಗೃಹಸ್ಥನು ಬರೆದ ‘ಕುರುಬ’ ಎಂಬ ಗ್ರಂಥದಲ್ಲಿ, ಹೆರ್ಮಸನು ಉಪವಾಸ ಕುಳಿತಿರುವಾಗ ಕುರುಬನ ವೇಷದ ದೇವದೂತನು ಬಂದು, ನೀನು ಮಾಡುತ್ತಿರುವುದು ನಿಜವಾದ ಉಪವಾಸವೇ ಅಲ್ಲವೆಂದು ಅವನನ್ನು ಎಬ್ಬಿಸುತ್ತಾನೆ. ದುಷ್ಟತನವನ್ನು ಬಿಡುವುದು ಮೊದಲನೆಯದು ಎಂದು ಹೇಳಿದ ಮೇಲೆ ಹೊಟ್ಟೆಯ ಉಪವಾಸದ ವಿಧಿಯನ್ನೂ ವಿವರಿಸುತ್ತಾನೆ. ಆ ದಿನ ರೊಟ್ಟಿ ಮತ್ತು ನೀರಿನ ಹೊರತು ಏನನ್ನೂ ಮುಟ್ಟಬೇಡ. ಮಾಮೂಲಿನ ದಿನ ನೀನು ಉಣ್ಣುತ್ತಿದ್ದ ಊಟಕ್ಕೆ ಎಷ್ಟು ವೆಚ್ಚವಾಗುತ್ತಿತ್ತೆಂದು ಲೆಕ್ಕ ಹಾಕು. ಅಷ್ಟನ್ನು ಬೇರೆಯಾಗಿ ತೆಗೆದಿಟ್ಟು ವಿಧವೆಗೋ ಅನಾಥನಿಗೋ ಇಲ್ಲದವನಿಗೋ ಕೊಡು. ಮಕ್ಕಳೊಡನೆ, ಇಡೀ ಮನೆಯವರೊಡನೆ ಹೀಗೆ ಮಾಡು ಎಂದೂ ಸೇರಿಸುತ್ತಾನೆ. ಅದೇ ಶತಮಾನದಲ್ಲಿ ಅಥೆನ್ಸಿನ ಅರಿಸ್ಟೈಡಿಸ್ ಎಂಬ ತತ್ತ್ವಜ್ಞನು ಕ್ರೈಸ್ತರ ಪರವಾಗಿ ಬರೆದ ಮನವಿಯಲ್ಲಿ, ಇವರ ನಡುವೆ ಹಸಿದವನೊಬ್ಬನಿದ್ದು ಕೊಡಲು ಮನೆಯಲ್ಲಿ ಹೆಚ್ಚಿಗೆ ಇಲ್ಲದಿದ್ದರೆ, ಎರಡು ಮೂರು ದಿನ ತಾವು ಉಪವಾಸವಿದ್ದು ಆ ಆಹಾರವನ್ನು ಅವನಿಗೆ ಕೊಡುತ್ತಾರೆ ಎಂದಿದ್ದಾನೆ.

ಇದನ್ನು ಜಮಾಖರ್ಚಿನ ಭಾಷೆಯಲ್ಲಿ ನೋಡೋಣ. ಉಪವಾಸದಿಂದ ಮನೆಯಲ್ಲಿ ಧಾನ್ಯ ಉಳಿಯುತ್ತದೆ. ಉಳಿದದ್ದು ಯಾರದು? ಉಣ್ಣದವನದೇ ಎಂದರೆ ಉಪವಾಸ ಒಂದು ಬಗೆಯ ಉಳಿತಾಯ ಖಾತೆಯಾಗುತ್ತದೆ. ಹಸಿದವನದು ಎಂದರೆ ಉಪವಾಸ ಮುಗಿಯುವುದು ಆ ಧಾನ್ಯ ಅವನ ಮನೆಯನ್ನು ಸೇರಿದಾಗ. ನಮ್ಮಲ್ಲಿ ಆಹಾರದಾನವಿಲ್ಲವೆ ಎಂದು ಕೇಳುವಿರಿ. ಉಂಟು; ಆಹಾರ, ಔಷಧ, ಶಾಸ್ತ್ರ, ಅಭಯವೆಂಬ ಚತುರ್ವಿಧ ದಾನವನ್ನು ಬಲ್ಲದ ಶ್ರಾವಕನಿಲ್ಲ. ಆದರೆ ದಾನದ ಖಾತೆ ಬೇರೆ, ಉಪವಾಸದ ಖಾತೆ ಬೇರೆ ಎಂದು ನಾವು ಎರಡು ಪುಸ್ತಕಗಳನ್ನು ಇಟ್ಟಿದ್ದೇವೆ. ಅವರ ಹಳೆಯವರು ಎರಡನ್ನೂ ಒಂದೇ ಪುಟದಲ್ಲಿ ಎದುರುಬದುರಾಗಿ ಬರೆದರು. ಅದು ಗ್ರಂಥದಲ್ಲಿಯೇ ಉಳಿದುಹೋಗಲಿಲ್ಲ ಎಂಬುದಕ್ಕೆ ಈಚಿನ ನಿದರ್ಶನಗಳೂ ಉಂಟು. ಜರ್ಮನಿಯ ಕಥೋಲಿಕ ಬಿಷಪ್ಪರು 1958ರಲ್ಲಿ ಸ್ಥಾಪಿಸಿದ ‘ಮಿಸೆರೆಯೊರ್’ ಸಂಸ್ಥೆ ತಪಸ್ಸುಕಾಲದ ಕಾಣಿಕೆಗಳಿಂದ ಬಡದೇಶಗಳ ಹಸಿವಿನ ವಿರುದ್ಧ ಕೆಲಸ ಮಾಡುತ್ತ ಬಂದಿದೆ. ಇಂಗ್ಲೆಂಡಿನಲ್ಲಿ 1960ರಲ್ಲಿ ಕಥೋಲಿಕ ಮಹಿಳೆಯರು ಮನೆಮಂದಿಯೆಲ್ಲ ಸೇರಿ ಒಂದು ದಿನ ಉಪವಾಸವಿದ್ದು, ಉಳಿದ ಹಣವನ್ನು ಡೊಮಿನಿಕ ದ್ವೀಪದ ತಾಯಿಮಕ್ಕಳ ಚಿಕಿತ್ಸಾಲಯಕ್ಕೆ ಕಳುಹಿಸುವ ಏರ್ಪಾಡು ಮಾಡಿದರು. ಅದರಿಂದಲೇ ಮುಂದೆ ಒಂದು ದೊಡ್ಡ ಸೇವಾಸಂಸ್ಥೆ ಬೆಳೆಯಿತು.

ಯೆಶಾಯ ಪ್ರವಾದಿಯ ಗ್ರಂಥದ 58ನೆಯ ಅಧ್ಯಾಯವಂತೂ ನೇರವಾಗಿ ನಮ್ಮಂಥ ಅಂಗಡಿಯವರನ್ನು ಉದ್ದೇಶಿಸಿದಂತಿದೆ. ಉಪವಾಸದ ದಿನವೇ ನಿಮ್ಮ ವ್ಯವಹಾರವನ್ನು ನೋಡಿಕೊಳ್ಳುತ್ತೀರಿ, ಆಳುಗಳನ್ನು ದುಡಿಸಿಕೊಳ್ಳುತ್ತೀರಿ. ತಲೆ ತಗ್ಗಿಸಿ ಗೋಣಿಯ ಮೇಲೆ ಕುಳಿತರೆ ಅದು ಉಪವಾಸವೆ? ನೊಗವನ್ನು ಬಿಚ್ಚುವುದು, ಹಸಿದವನೊಡನೆ ಅನ್ನ ಹಂಚಿಕೊಳ್ಳುವುದು ಉಪವಾಸ, ಎಂಬರ್ಥದ ಮಾತುಗಳು. ಅಷ್ಟಮಿಯ ದಿನ ನಾನು ಉಪವಾಸವಿದ್ದು ಮಂಡಿಯಲ್ಲಿ ಹಮಾಲರ ಮೇಲೆ ರೇಗಿದ್ದು ಎಷ್ಟು ಸಲವೋ! ಬರಿಯ ಹೊಟ್ಟೆಯ ಸಿಟ್ಟು ಎಂದು ಮನೆಯವರು ಕ್ಷಮಿಸಿದರು. ಹಮಾಲರ ಅಭಿಪ್ರಾಯವನ್ನು ನಾನು ಕೇಳಿಲ್ಲ.

387ರ ಉಪವಾಸಕಾಲದಲ್ಲಿ ಅಂತಿಯೋಕ್ಯ ನಗರದಲ್ಲಿ ಹೊಸ ತೆರಿಗೆಯ ವಿರುದ್ಧ ದಂಗೆಯೆದ್ದ ಜನ ಚಕ್ರವರ್ತಿಯ ಪ್ರತಿಮೆಗಳನ್ನು ಉರುಳಿಸಿ, ಅನಂತರ ದಂಡನೆಯ ಭಯದಲ್ಲಿ ನಡುಗುತ್ತಿದ್ದಾಗ, ಯೋಹಾನ ಕ್ರಿಸೊಸ್ತೊಮನು ನೀಡಿದ ಪ್ರವಚನಗಳು ಉಳಿದುಬಂದಿವೆ. ಬಾಯಿ ಮಾತ್ರವಲ್ಲ, ಕಣ್ಣು, ಕಿವಿ, ಕೈ, ಕಾಲುಗಳೂ ಉಪವಾಸ ಮಾಡಲಿ. ಹಕ್ಕಿ ಮೀನುಗಳನ್ನು ಬಿಟ್ಟು ನೆರೆಯವನನ್ನು ಕಚ್ಚಿ ತಿಂದರೆ ಬಂದ ಲಾಭವೇನು ಎಂಬುದು ಅವನ ಆಕ್ಷೇಪ. ಗಮನಿಸಿ, ಅಲ್ಲಿ ಮೀನನ್ನೂ ಬಿಟ್ಟಿದ್ದರು. ಇದಕ್ಕಿಂತಲೂ ನನಗೆ ಹಿಡಿಸಿದ್ದು ಮತ್ತೊಂದು. ಉಪವಾಸ ಮಾಡಲಾಗದೆ ಊಟ ಮಾಡಿದ ಕೆಲವರು ನಾಚಿಕೆಯಿಂದ ಚರ್ಚಿಗೆ ಬಾರದೆ ಉಳಿದಾಗ, ಉಂಡವರೂ ಬರಬಹುದು, ಬನ್ನಿ ಎಂದು ಅವನು ಕರೆದನು. ಹಾಗೆ ಬಂದವರನ್ನು ಮುಂದಿನ ಪ್ರವಚನದಲ್ಲಿ ಮೆಚ್ಚಿಕೊಂಡನು. ಪರ್ವದ ದಿನಗಳಲ್ಲಿ ಉಪವಾಸವಿರಲಾರದ ಮಧುಮೇಹಿಗಳು, ಬಾಣಂತಿಯರು ನಮ್ಮ ಬಸದಿಯ ಹಿಂದಿನ ಕಂಬಗಳ ಮರೆಯಲ್ಲಿ ಕುಳಿತುಕೊಳ್ಳುವುದನ್ನು ನಾನು ನೋಡಿದ್ದೇನೆ.

ಇಷ್ಟೆಲ್ಲ ಹೇಳಿದವನು ಅವರ ದೋಷವನ್ನು ಹೇಳದಿದ್ದರೆ ಪಕ್ಷಪಾತವಾದೀತು. ದೋಷಗಳು ಬೇಕಾದಷ್ಟಿವೆ. ದಿನಕ್ಕೊಂದೇ ಊಟ, ಅದೂ ಸಂಜೆಯ ಪ್ರಾರ್ಥನೆಯ ನಂತರ ಎಂದಿದ್ದ ನಿಯಮವನ್ನು ಮಧ್ಯಯುಗದಲ್ಲಿ ಮೆಲ್ಲಮೆಲ್ಲನೆ ಮಧ್ಯಾಹ್ನಕ್ಕೆ ತಂದುಕೊಂಡು, ಸಂಜೆಗೆ ಉಪಾಹಾರವೊಂದನ್ನು ಸೇರಿಸಿಕೊಂಡರು. ಬೆಣ್ಣೆ ತಿನ್ನಲು ಹಣ ತೆಗೆದುಕೊಂಡು ಅನುಮತಿಪತ್ರ ಕೊಟ್ಟರು. ಫ್ರಾನ್ಸಿನ ರೂಆಂ ನಗರದ ಮಹಾದೇವಾಲಯದ ಗೋಪುರವೊಂದಕ್ಕೆ ಆ ಹಣದಿಂದ ಕಟ್ಟಿದ್ದೆಂಬ ಕಾರಣಕ್ಕೆ ಇಂದಿಗೂ ‘ಬೆಣ್ಣೆ ಗೋಪುರ’ವೆಂದೇ ಹೆಸರು. ಇದಕ್ಕೆ ಪ್ರತಿಭಟನೆ ಬಾರದಿರಲಿಲ್ಲ. 1522ರ ಉಪವಾಸಕಾಲದಲ್ಲಿ ಜೂರಿಕ್ ನಗರದ ಮುದ್ರಕ ಫ್ರೊಶವರನ ಮನೆಯಲ್ಲಿ ಮಾಂಸದ ತಿನಿಸನ್ನು ಹಂಚಲಾಯಿತು. ಫ್ರಾಂಕ್‌ಫರ್ಟ್ ಜಾತ್ರೆಗೆ ಪುಸ್ತಕ ಸಿದ್ಧಪಡಿಸಲು ಹಗಲಿರುಳು ದುಡಿಯುವವರಿಗೆ ಗಂಜಿಯಿಂದ ಸಾಲದು ಎಂಬುದು ಅವನ ವಾದ. ಅಲ್ಲಿದ್ದ ಪಾದ್ರಿ ಜ್ವಿಂಗ್ಲಿ ತಾನು ತಿನ್ನಲಿಲ್ಲ, ಆದರೆ ತಿಂದವರ ಪರವಾಗಿ ಬೋಧಿಸಿ ಅದನ್ನು ಅಚ್ಚುಹಾಕಿಸಿದನು. ಸ್ವಿಟ್ಜರ್ಲೆಂಡಿನ ಮತಸುಧಾರಣೆಯ ಒಂದು ಕಿಡಿ ಹೊತ್ತಿದ್ದು ಅಲ್ಲಿ. ಪ್ರೊಟೆಸ್ಟೆಂಟರು ಉಪವಾಸವನ್ನು ಒತ್ತಾಯದಿಂದ ಬಿಡಿಸಿದರು. ಬಹುಮಂದಿ ಅದರೊಡನೆ ಉಪವಾಸವನ್ನೂ ಬಿಟ್ಟರು. 1966ರಲ್ಲಿ ಆರನೆಯ ಪೌಲ್ ಪೋಪರು ರೋಮನ್ ಸಭೆಯ ಕಡ್ಡಾಯ ಉಪವಾಸವನ್ನು ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರ ಎಂಬ ಎರಡು ದಿನಗಳಿಗೆ ಇಳಿಸಿದರು. ಉಳಿದದ್ದನ್ನು ಭಕ್ತರ ವಿವೇಕಕ್ಕೆ ಬಿಟ್ಟರು. ವಿವೇಕಕ್ಕೆ ಬಿಟ್ಟದ್ದರ ಗತಿ ಏನಾಗುತ್ತದೆಂದು ಯಾವ ಸಮಾಜಕ್ಕೂ ಬಿಡಿಸಿ ಹೇಳಬೇಕಾಗಿಲ್ಲ. ಇನ್ನೊಂದು ವಿನೋದವನ್ನೂ ಹೇಳುತ್ತೇನೆ: ವಿಭೂತಿ ಬುಧವಾರದಂದು ಅವರ ಪೂಜೆಯಲ್ಲಿ ಓದುವುದು, ಉಪವಾಸವನ್ನು ಬಚ್ಚಿಡು, ಮುಖ ತೊಳೆ ಎಂಬ ಅದೇ ಮತ್ತಾಯನ ಭಾಗ. ಅದನ್ನು ಕೇಳಿದವರೆಲ್ಲ ಹಣೆಗೆ ಬೂದಿಯ ಗುರುತು ಹಾಕಿಸಿಕೊಂಡು ಬೀದಿಗೆ ಬರುತ್ತಾರೆ.

ಆದರೆ ಒಂದು ವಿಷಯದಲ್ಲಿ ಅವರು ಕಷ್ಟದಿಂದ ಕಲಿತ ಪಾಠದ ಮುಂದೆ ನಾವು ತಲೆಬಾಗಬೇಕು. 384ರಲ್ಲಿ ರೋಮಿನಲ್ಲಿ ಬ್ಲೆಸಿಲ್ಲ ಎಂಬ ಇಪ್ಪತ್ತರ ಆಸುಪಾಸಿನ ವಿಧವೆ, ಸಂತ ಜೆರೋಮನ ಉಪದೇಶದಿಂದ ವಿರಕ್ತಿ ತಾಳಿ, ಕಠೋರ ಉಪವಾಸಗಳನ್ನು ಕೈಗೊಂಡು ಕೆಲವೇ ತಿಂಗಳಲ್ಲಿ ತೀರಿಕೊಂಡಳು. ಶವಯಾತ್ರೆಯಲ್ಲಿ ತಾಯಿ ಪೌಲಾ ಮೂರ್ಛೆ ಹೋದಳು. ನೆರೆದ ಜನ, ಹುಡುಗಿಯನ್ನು ಉಪವಾಸ ಕೆಡವಿ ಕೊಂದರು, ಈ ಸನ್ಯಾಸಿಗಳನ್ನು ಊರಿನಿಂದ ಓಡಿಸಿರಿ ಎಂದು ಗೊಣಗಿದರು. ಇದನ್ನು ಬರೆದಿಟ್ಟವನು ಜೆರೋಮನೇ, ಪೌಲಾಳಿಗೆ ಬರೆದ ಪತ್ರದಲ್ಲಿ. ಆ ಪತ್ರದಲ್ಲಿ ಅವನು ತಾಯಿಗೆ ಅತಿಯಾಗಿ ಅಳಬೇಡವೆಂದು ಬುದ್ಧಿ ಹೇಳುತ್ತಾನೆ. ನನಗೆ ಅವನಿಗಿಂತ ಗೊಣಗಿದ ಜನರೇ ಹೆಚ್ಚು ಧರ್ಮಜ್ಞರಾಗಿ ತೋರುತ್ತಾರೆ. ಅತಿರೇಕಗಳು ಅಲ್ಲಿಗೇ ನಿಲ್ಲಲಿಲ್ಲ. 1380ರಲ್ಲಿ ತೀರಿಕೊಂಡ ಸಿಯೆನಾದ ಕ್ಯಾಥರೀನಳಿಗೆ ಆಗ 33 ವರ್ಷ, ಅನ್ನವೇ ಸೇರದ ದೇಹ. ಆದರೂ ರೋಮನ್ ಸಭೆಯ ಇಂದಿನ ಸಂಹಿತೆಯಲ್ಲಿ, ಅಂದರೆ 1983ರದರಲ್ಲಿ, 18 ವರ್ಷ ತುಂಬದವರಿಗೆ ಉಪವಾಸದ ಕಟ್ಟಳೆಯಿಲ್ಲ. 60ನೆಯ ವರ್ಷ ಹಿಡಿದ ಮೇಲೂ ಇಲ್ಲ. ಮಾಂಸ ಬಿಡುವ ನಿಯಮವಷ್ಟೇ 14 ತುಂಬಿದವರಿಂದ ಆರಂಭ. ರೋಗಿಗಳಿಗೆ, ಗರ್ಭಿಣಿಯರಿಗೆ, ಮೊಲೆಯೂಡಿಸುವ ತಾಯಂದಿರಿಗೆ ವಿನಾಯಿತಿ ಕೊಡುವುದು ಅವರ ಎಲ್ಲ ಸಭೆಗಳಲ್ಲೂ ರೂಢಿ.

ನಮ್ಮಲ್ಲಿ? 2016ರಲ್ಲಿ ಹೈದರಾಬಾದಿನಲ್ಲಿ ನಮ್ಮ ಸಮಾಜದ 13 ವರ್ಷದ ಬಾಲೆಯೊಬ್ಬಳು 68 ದಿನಗಳ ಉಪವಾಸವನ್ನು ಮುಗಿಸಿ ಪ್ರಾಣ ಬಿಟ್ಟಳು. ಆ ಕುಟುಂಬದ ದುಃಖವನ್ನು ಕೆದಕುವುದು ನನ್ನ ಉದ್ದೇಶವಲ್ಲ. ಹೆತ್ತವರ ಮನಸ್ಸನ್ನು ತೀರ್ಪಿಗೆ ಒಳಪಡಿಸಲು ನಾನಾರು? ನನ್ನ ಪ್ರಶ್ನೆ ನಮ್ಮೆಲ್ಲರಿಗೂ ಸಂಬಂಧಿಸಿದ್ದು. ಬ್ಲೆಸಿಲ್ಲಳ ಶವದ ಹಿಂದೆ ನಡೆದ ರೋಮನರಂತೆ ನಮ್ಮಲ್ಲಿ ಗೊಣಗಿದವರು ಎಷ್ಟು ಮಂದಿ? ಪತ್ರಿಕೆಯವರು ಬರೆದಾಗ ನಮ್ಮ ಧರ್ಮದ ಮೇಲೆ ದಾಳಿಯೆಂದು ಸಭೆ ಸೇರಿದೆವು. ಅಂದು ಸಭೆಯಲ್ಲಿ ಮಾತನಾಡಿದವರಲ್ಲಿ ನಾನೂ ಒಬ್ಬ. ಅದೇ ಸಭೆ, ಅಪ್ರಾಪ್ತವಯಸ್ಕರು ದೀರ್ಘ ಉಪವಾಸ ಮಾಡಕೂಡದೆಂದು ಒಂದು ಸಾಲಿನ ನಿರ್ಣಯವನ್ನು ಮಾಡಬಹುದಾಗಿತ್ತು.

ಈಗ ಈ ಲೇಖನಕ್ಕೆ ಕಾರಣವಾದ ಇನ್ನೊಂದು ಸಂಗತಿಯನ್ನು ಹೇಳಿಬಿಡುತ್ತೇನೆ. ಮುಂದಿನ ಪರ್ವಕ್ಕೆ ನಮ್ಮ ಬಸದಿಯ ಟ್ರಸ್ಟು, ಮೂರು ದಿನಕ್ಕೆ ಮೇಲ್ಪಟ್ಟು ಉಪವಾಸ ಮಾಡುವವರೆಲ್ಲರ ಭಾವಚಿತ್ರವುಳ್ಳ ಫ್ಲೆಕ್ಸ್ ಫಲಕವನ್ನು ಪೇಟೆಬೀದಿಯಲ್ಲಿ ಕಟ್ಟಿಸಬೇಕು, ಪಾರಣೆಯ ದಿನ ತೆರೆದ ವಾಹನದಲ್ಲಿ ಮೆರವಣಿಗೆ ನಡೆಸಬೇಕು, ಬೆಳ್ಳಿಯ ಸ್ಮರಣಿಕೆ ಕೊಡಬೇಕು ಎಂದು ಯೋಚಿಸಿದೆ. ನಾನು ವಿರೋಧಿಸಿದೆ. ಹನ್ನೊಂದು ವರ್ಷದ ನನ್ನ ಮೊಮ್ಮಗಳು ಕಳೆದ ವರ್ಷದ ಫಲಕವನ್ನು ನೋಡಿ, ಎಷ್ಟು ದಿನ ಉಪವಾಸ ಮಾಡಿದರೆ ಫೋಟೋ ದೊಡ್ಡದಾಗಿ ಹಾಕುತ್ತಾರೆ ಅಜ್ಜಾ ಎಂದು ಕೇಳಿದ್ದಳು. ಅವಳಿಗೆ ಉತ್ತರ ಹೇಳಲಾಗದವನು ಟ್ರಸ್ಟಿನ ಸಭೆಯಲ್ಲಿ ಕೈಯೆತ್ತುವುದಾದರೂ ಹೇಗೆ?

ಇದು ಪ್ರಭಾವನೆ, ಸಮ್ಯಗ್ದರ್ಶನದ ಎಂಟು ಅಂಗಗಳಲ್ಲೊಂದು, ನೀವು ಪರಮತದ ಪುಸ್ತಕ ಓದಿ ತಲೆ ಕೆಡಿಸಿಕೊಂಡಿದ್ದೀರಿ ಎಂದು ಸಹಸದಸ್ಯರೊಬ್ಬರು ಹೇಳಿದರು. ಹಾಗಿದ್ದರೆ ಪರಮತ ಬೇಡ, ನಮ್ಮದನ್ನೇ ತೆರೆಯೋಣ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಉಪವಾಸದ ದಿನ ಬಿಡತಕ್ಕವುಗಳನ್ನು ಎಣಿಸುವಾಗ ಪಂಚಪಾಪಗಳ ಜೊತೆಗೆ ಅಲಂಕಾರವನ್ನೂ ಆರಂಭವನ್ನೂ ಗಂಧಪುಷ್ಪಗಳನ್ನೂ ಸೇರಿಸಿದ್ದಾರೆ. ವ್ರತಿಯು ಮಾಯಾ, ಮಿಥ್ಯಾ, ನಿದಾನಗಳೆಂಬ ಶಲ್ಯಗಳಿಲ್ಲದವನಾಗಿರಬೇಕೆಂದು ತತ್ತ್ವಾರ್ಥಸೂತ್ರ ಹೇಳುತ್ತದೆ. ಕಾಣಿಸಿಕೊಳ್ಳಬೇಕೆಂಬ ಬಯಕೆ ಮಾಯೆಯಲ್ಲವೆ? ಸ್ಮರಣಿಕೆಯ ಆಸೆ ನಿದಾನದ ತಂಗಿಯಲ್ಲವೆ? ಕೋಟ್ಟಯಂನ ಆ ವ್ಯಾಪಾರಿಗೆ ಮತ್ತಾಯನು ಕಲಿಸಿದ್ದನ್ನು ನಮಗೆ ಉಮಾಸ್ವಾಮಿಗಳು ಕಲಿಸಿಯೇ ಇದ್ದಾರೆ. ಅವರು ಪಾಠವನ್ನು ಊಟದೆಲೆಯ ಮುಂದೆ ನೆನಪಿಟ್ಟುಕೊಂಡರು. ನಾವು ಅದನ್ನು ಸ್ವಾಧ್ಯಾಯದ ಪೀಠದ ಮೇಲೆ ಬಿಟ್ಟು ಬಂದೆವು.

ನಾಲ್ಕನೆಯ ಶತಮಾನದ ಕೊನೆಯಲ್ಲಿ ಈಜಿಪ್ಟಿನ ಮರುಭೂಮಿಯ ತಪಸ್ವಿಗಳನ್ನು ನೋಡಲು ಹೋಗಿದ್ದ ಕ್ಯಾಸಿಯನ್ ಎಂಬವನು ಬರೆದಿರುವುದನ್ನು ಸಹಸದಸ್ಯರಿಗೆ ಹೇಳಿದೆ. ತಾನು ಹೋದಲ್ಲೆಲ್ಲ ಆ ಹಿರಿಯರು ತಮ್ಮ ಉಪವಾಸವನ್ನು ಮುರಿದು ತನ್ನೊಡನೆ ಊಟಕ್ಕೆ ಕುಳಿತದ್ದನ್ನು ಕಂಡು ಅವನು ಕಾರಣ ಕೇಳಿದನಂತೆ. ಉಪವಾಸ ಯಾವಾಗಲೂ ನನ್ನ ಬಳಿಯಲ್ಲಿಯೇ ಇದೆ, ನೀನಾದರೋ ಹೊರಟುಹೋಗುವವನು ಎಂದು ಒಬ್ಬರು ಉತ್ತರಿಸಿದರು. ಮತ್ತೊಬ್ಬರು ಆ ದಿನ ಆರನೆಯ ಸಲ ಅತಿಥಿಗಳೊಡನೆ ಎಲೆ ಹಾಕಿ, ಪ್ರತಿಸಲವೂ ತಾವೂ ಉಂಡು, ಇನ್ನೂ ಹಸಿವಿದೆಯೆಂದರಂತೆ. ಮುನಿಚರ್ಯೆಯ ನಮ್ಮ ನಿಯಮಗಳಿಗೆ ಇದು ಹೊಂದುವುದಿಲ್ಲ. ಮುನಿಗಳು ಹಾಗೆ ಮಾಡಬೇಕೆಂದೂ ನಾನು ಹೇಳಲಾರೆ. ಆದರೆ ಅವರಿಗೆ ಯಾರೂ ಫಲಕ ಕಟ್ಟಿಸಲಾಗುತ್ತಿರಲಿಲ್ಲ ಎಂಬುದಂತೂ ಸತ್ಯ. ಕಟ್ಟಿಸಲು ಹೋದವನಿಗೆ ಅವರು ಉಪವಾಸ ಮಾಡುತ್ತಾರೆಂಬುದೇ ತಿಳಿಯುತ್ತಿರಲಿಲ್ಲ.

ಟ್ರಸ್ಟಿನ ಮುಂದೆ ನಾನು ಲಿಖಿತವಾಗಿ ಇಟ್ಟಿರುವುದು ಇಷ್ಟು. ಹದಿನೆಂಟು ತುಂಬದವರ ದೀರ್ಘ ಉಪವಾಸಕ್ಕೆ ಬಸದಿಯಲ್ಲಿ ಪ್ರತ್ಯಾಖ್ಯಾನ ಕೊಡಿಸಬಾರದು. ಮಕ್ಕಳು ಒಂದು ದಿನ ಏಕಾಶನ ಮಾಡಲಿ, ರಾತ್ರಿಭೋಜನ ಬಿಡಲಿ. ಉಪವಾಸಿಗಳ ಹೆಸರು, ಚಿತ್ರ, ಮೆರವಣಿಗೆ ಬೇಡ. ಹತ್ತು ದಿನ ಉಪವಾಸ ಮಾಡಿದ ಶ್ರಾವಕಿಯ ಮನೆಯಲ್ಲಿ ಉಳಿದ ಧಾನ್ಯದ ಬೆಲೆ ಎಷ್ಟು, ಪಾರಣೆಯ ದಿನ ಆ ಮನೆಗೆ ಬಂದ ಖರ್ಚು ಎಷ್ಟು ಎಂದು ಪ್ರತಿಯೊಂದು ಮನೆಯವರೂ ಒಮ್ಮೆ ಕಾಗದದ ಮೇಲೆ ಬರೆದು ನೋಡಲಿ, ಟ್ರಸ್ಟಿಗೆ ತೋರಿಸಬೇಕಾಗಿಲ್ಲ. ಉಳಿದದ್ದನ್ನು ಹಾಕಲು ಹೆಸರಿಲ್ಲದ ಒಂದು ಪೆಟ್ಟಿಗೆಯನ್ನು ಬಾಗಿಲ ಬಳಿ ಇಡೋಣ; ತಿಂಗಳ ಕೊನೆಗೆ ತೆರೆದು, ಮಂಡಿಯ ಹಮಾಲರ ಓಣಿಯಲ್ಲಿ ಯಾರ ಮನೆಯಲ್ಲಿ ಒಲೆ ಹೊತ್ತಿಲ್ಲವೆಂದು ವಿಚಾರಿಸಿ ಅಲ್ಲಿಗೆ ಅಕ್ಕಿ ಬೇಳೆ ತಲುಪಿಸೋಣ. ಕೊಟ್ಟವರಾರೆಂದು ಅಲ್ಲಿಯೂ ಹೇಳುವುದು ಬೇಡ.

ನಿರ್ಣಯವನ್ನು ಮುಂದಿನ ಸಭೆಗೆ ಮುಂದೂಡಿದ್ದಾರೆ. ಫಲಕಕ್ಕೆ ಮುಂಗಡ ಕೊಟ್ಟಾಗಿದೆ ಎಂದು ಕಾರ್ಯದರ್ಶಿಗಳು ತಿಳಿಸಿದರು. ಫ್ಲೆಕ್ಸ್ ಮುದ್ರಿಸುವವರು ನಮ್ಮ ಹತ್ತಿರದ ಸಂಬಂಧಿಕರೇ ಆದುದರಿಂದ ಆ ಹಣ ಹಿಂದಕ್ಕೆ ಬರುವುದು ಕಷ್ಟವಾಗಲಾರದು.